ನಿವೃತ್ತಿಯಾಗಿ ನಮ್ಮ ಮನೆಗೆ ಬಂದವನು

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಸಂಶೋಧನೆ ಮನುಷ್ಯರಿಗೂ ಪ್ರಾಣಿಗಳಿಗೂ ಇರುವ ಸಂಬಂಧದ ಬಗ್ಗೆ. ಹಾಗೆಂದ ಕೂಡಲೇ ಕೆಲವರು ನನ್ನನ್ನು ಪಶುವೈದ್ಯೆ ಅಂದುಕೊಂಡು ತಮ್ಮ ಮನೆ ಬೆಕ್ಕಿಗೆ ಔಷಧಿ ಕೇಳುತ್ತಾರೆ. ಇನ್ನು ಕೆಲವರು ಬೀದಿನಾಯಿಗೆ ಅನ್ನ ಹಾಕುವವಳು ಅಂದುಕೊಂಡು ಜಗಳಕ್ಕೇ ನಿಲ್ಲುತ್ತಾರೆ. ನಿಜ ಹೇಳಬೇಕೆಂದರೆ ಈ ಸಂಗತಿ ನಡೆಯುವ ಮೊದಲು ನಾನು ಒಂದು ಪ್ರಾಣಿಯನ್ನೂ ಸಾಕಿದವಳಲ್ಲ. ಎತ್ತು, ಕುದುರೆ, ನಾಯಿ ಇವೆಲ್ಲ ಮಾಡುವುದನ್ನು ಕೆಲಸ ಅನ್ನಬಹುದೇ, ಅನ್ನುವುದಾದರೆ ಕೆಲಸಗಾರರಿಗೆ ಸಲ್ಲುವುದೆಲ್ಲ ಅವಕ್ಕೂ ಸಲ್ಲಬೇಕಲ್ಲವೇ ಎಂದು ಪುಸ್ತಕ ಓದಿ, ಜನರನ್ನು ಮಾತಾಡಿಸಿ, ಲೇಖನ ಬರೆಯುತ್ತಿದ್ದೆ.

ಆ ಕೆಲಸಕ್ಕಾಗಿಯೇ ಅನುಮತಿ ಪಡೆದು ಪೊಲೀಸರ ಶ್ವಾನದಳಕ್ಕೆ ಹೋಗಲು ಶುರುಮಾಡಿದ್ದು. ಅಲ್ಲಿ ಒಂದೊಂದು ನಾಯಿಗೂ ಒಬ್ಬೊಬ್ಬ ಪೊಲೀಸರನ್ನು ನೇಮಿಸಿರುತ್ತಾರೆ. ಮರಿಯಿಂದ ಅದನ್ನು ಪಳಗಿಸಿ, ಊಟ ಹಾಕಿ, ಕೆಲಸಕ್ಕೆ ಕರೆದುಕೊಂಡು ಹೋಗುವವರು ಅವರೇ. ಅವರನ್ನು ಹ್ಯಾಂಡ್ಲರ್ ಎನ್ನುತ್ತಾರೆ. ನನಗೆ ಮಾತಿಗೆ ಸಿಕ್ಕ ಹ್ಯಾಂಡ್ಲರ್ ನಲವತ್ತರ ಆಸುಪಾಸಿನ ಹೆಡ್ ಕಾನ್‌ಸ್ಟೆಬಲ್, ನಂಜನಗೂಡು ಕಡೆಯ ಬೇಸಾಯದ ಮನೆತನದವರು. ಅವರ ನಾಯಿ ಕಂದುಬಣ್ಣದ ಲ್ಯಾಬ್ರಡಾರ್. ಬಾಂಬು, ಮದ್ದು ಹುಡುಕುವುದು ಅದರ ಕೆಲಸ.

ಮೊದಲ ದಿನವೇ ಅವರು ನನ್ನನ್ನು ಕೇಳಿದರು. "ಮೇಡಂ, ನೀವು ನಾಯಿ ಮೇಲೆ ಬರೀತೀರೋ, ನಮ್ಮ ಮೇಲೆ ಬರೀತೀರೋ?"

"ಇಬ್ಬರ ಮಧ್ಯೆ ಇರೋದರ ಮೇಲೆ" ಅಂದೆ.

"ಮಧ್ಯೆ ಇರೋದು ಈ ಹಗ್ಗ ಒಂದೇ" ಎಂದು ಕೈಯಲ್ಲಿದ್ದ ಹಗ್ಗ ತೋರಿಸಿ ನಕ್ಕರು.

ಅಭ್ಯಾಸ ಮಾಡಿಸುವುದನ್ನು ನೋಡಲು ಬಿಟ್ಟರು. ಮೈದಾನದಲ್ಲಿ ಹಳೆಯ ಸೂಟ್‌ಕೇಸು, ಚೀಲಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಒಂದರೊಳಗೆ ಮಾತ್ರ ಮದ್ದಿನ ವಾಸನೆ. "ಸರ್ಚ್" ಅಂದ ಕೂಡಲೇ ನಾಯಿ ಮೂಗು ಹಚ್ಚಿಕೊಂಡು ಹೋಗಿ, ಸರಿಯಾದ ಪೆಟ್ಟಿಗೆ ಮುಂದೆ ಕೂತುಬಿಡುತ್ತಿತ್ತು. ಬೊಗಳುವಂತಿಲ್ಲ, ಕೆರೆಯುವಂತಿಲ್ಲ, ಸುಮ್ಮನೆ ಕೂರಬೇಕು. ಕೂತರೆ "ಇಲ್ಲಿದೆ" ಎಂದು ಅರ್ಥ. ಕೂತದ್ದು ಸರಿಯಿದ್ದರೆ ಒಂದು ರಬ್ಬರ್ ಚೆಂಡು ಸಿಗುತ್ತಿತ್ತು. ಆ ಚೆಂಡಿಗಾಗಿ ಅದು ಏನು ಬೇಕಾದರೂ ಮಾಡುವ ಹಾಗೆ ಕಾಣುತ್ತಿತ್ತು.

"ಇದಕ್ಕೆ ಈ ಕೆಲಸ ಇಷ್ಟವಾ?" ಎಂದು ಕೇಳಿದೆ.

"ಇಷ್ಟ ಇಲ್ದಿದ್ರೆ ಮಾಡಕಿಲ್ಲ ಮೇಡಂ. ಬೈದು ಮಾಡ್ಸೋ ಕೆಲಸ ಅಲ್ಲ ಇದು."

ಅದನ್ನೂ ಬರೆದುಕೊಂಡೆ, ಚೆಂಡು ಬಿಟ್ಟರೆ ಅದಕ್ಕೆ ಬೇರೆ ಯಾವ ಆಟವೂ ಇಲ್ಲ ಎಂಬುದನ್ನೂ ಬರೆದುಕೊಂಡೆ. ದಸರೆಗೆ ಮುಂಚೆ ನಾಯಿಗೂ ಅವರಿಗೂ ಬಿಡುವೇ ಇರುತ್ತಿರಲಿಲ್ಲ. ಆಗ ನಾನು ಹೋಗುತ್ತಿರಲಿಲ್ಲ.

ಹೀಗೆ ಎರಡು ಮೂರು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಫೋನ್ ಬಂತು. ನಾಯಿಗೆ ವಯಸ್ಸಾಯಿತು, ನಿವೃತ್ತಿ ಮಾಡುತ್ತಿದ್ದಾರೆ, ಬೇಕಾದ ಮನೆಯವರಿಗೆ ಕೊಡುತ್ತಾರೆ ಅಂದರು. ಅವರೇ ಇಟ್ಟುಕೊಳ್ಳಬೇಕೆಂಬ ಆಸೆ ಅವರಿಗಿತ್ತು. ಆದರೆ ಅವರಿದ್ದದ್ದು ಕ್ವಾರ್ಟರ್ಸಿನ ಮೇಲಿನ ಮಹಡಿಯಲ್ಲಿ, ಜತೆಗೆ ಮಗಳಿಗೆ ಉಬ್ಬಸ. ನಾಯಿಯ ಕೂದಲು ಮನೆಯೊಳಗೆ ಬಂದರೆ ಆ ಹುಡುಗಿಗೆ ಉಸಿರು ಕಟ್ಟುತ್ತಿತ್ತು. ಯಾರೋ ಒಬ್ಬರು ತೋಟ ಕಾಯಲು ಕೇಳಿದ್ದರಂತೆ.

"ಕಟ್ಟಾಕ್ಬುಡ್ತಾರೆ ಮೇಡಂ. ಇವನಿಗೆ ಕಟ್ಟಾಕಿಸ್ಕೊಂಡು ಗೊತ್ತಿಲ್ಲ. ನೀವು ಅಷ್ಟು ದಿವಸದಿಂದ ಬಂದು ಇವನ ವಿಷಯಾನೇ ಕೇಳ್ತಿದ್ರಿ. ಅದಕ್ಕೇ ಕೇಳ್ತಾ ಇವ್ನಿ."

ದುಡಿದ ಪ್ರಾಣಿಗಳ ಮುಪ್ಪಿನ ಹೊಣೆ ಸಮಾಜದ್ದು ಎಂದು ಆಗಷ್ಟೇ ಒಂದು ಲೇಖನದಲ್ಲಿ ಬರೆದಿದ್ದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದೆ.

ವಿಜಯನಗರದ ನಮ್ಮ ಮನೆಯಲ್ಲಿ ಇದ್ದವರು ಮೂವರು. ನಾನು, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸ ಮಾಡುವ ನನ್ನ ಗಂಡ, ಮತ್ತು ನನ್ನ ಅತ್ತೆ. ಅತ್ತೆ ಮಠದ ಒಡನಾಟದಲ್ಲಿ ಬೆಳೆದ, ಲಿಂಗ ಧರಿಸುವ ಶೈವ ಮನೆತನದವರು. ಬೆಳಿಗ್ಗೆ ಸ್ನಾನ ಮಾಡಿ, ಹಣೆತುಂಬ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸದೆ ಒಂದು ತೊಟ್ಟು ಕಾಫಿ ಕುಡಿಯುವವರಲ್ಲ. ಗಂಡನನ್ನು ಕೇಳಿದರೆ "ಅಮ್ಮ ಒಪ್ಪಿದ್ರೆ ನನ್ನದೇನಿಲ್ಲ ಕಣೇ" ಎಂದು ಜಾರಿಕೊಂಡರು. ಅತ್ತೆ ಬಹಳ ಹೊತ್ತು ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಪೊಲೀಸ್ ಇಲಾಖೇಲಿ ಇದ್ದದ್ದು ಅಂದ್ರೆ ಶಿಸ್ತು ಇರುತ್ತೆ ಅಲ್ವೇನಮ್ಮ?"

"ಇರುತ್ತೆ ಅತ್ತೆ."

"ಅಡುಗೆಮನೆಗೆ ಬರಬಾರದು. ದೇವರ ಮನೆಗೆ ಬರಬಾರದು. ನನ್ನ ಮಂಚ ಮುಟ್ಟಬಾರದು. ಇದಕ್ಕೆ ಒಪ್ಪೋದಾದ್ರೆ ಬರಲಿ."

ಒಪ್ಪಿಕೊಳ್ಳಬೇಕಾದ್ದು ನಾಯಿಯೋ ನಾನೋ ತಿಳಿಯಲಿಲ್ಲ. ಒಪ್ಪಿದೆ.

ಮುಂದಿನ ಭಾನುವಾರ ಹ್ಯಾಂಡ್ಲರ್ ಅದನ್ನು ಕರೆತಂದರು. ಗೇಟು ದಾಟಿ ಒಳಗೆ ಬಂದವನು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಗೋಡೆಯ ಅಂಚಿಗೆ ಮೂಗು ಹಿಡಿದು ನಡುಮನೆ, ಮಲಗುವ ಕೋಣೆ, ಚಪ್ಪಲಿ ಸ್ಟ್ಯಾಂಡು, ಗ್ಯಾಸ್ ಸಿಲಿಂಡರು ಎಲ್ಲ ಪರೀಕ್ಷೆ ಮಾಡಿ ಬಂದ. ದೇವರ ಮನೆಯ ಬಾಗಿಲನ್ನು ಅತ್ತೆ ಮೊದಲೇ ಚಿಲಕ ಹಾಕಿಟ್ಟಿದ್ದರು. ಪರೀಕ್ಷೆ ಮುಗಿಸಿ ಹ್ಯಾಂಡ್ಲರ್ ಕಾಲಬಳಿ ಬಂದು ನಿಂತ.

"ಕ್ಲಿಯರ್" ಅಂದರು ಅವರು. ಆಮೇಲೆ ನನಗೆ ಒಂದೊಂದಾಗಿ ಹೇಳಿದರು. ತಟ್ಟೆಯಿಂದ ತೆಗೆದು ತಿನ್ನಿಸಬೇಡಿ. ಸೋಫಾ ಮೇಲೆ ಹತ್ತಿಸಬೇಡಿ. ಚೆಂಡನ್ನ ಸುಮ್ಮಸುಮ್ಮನೆ ಕೊಡಬೇಡಿ. ಕೊನೆಗೆ ಹಗ್ಗ ನನ್ನ ಕೈಗೆ ಕೊಟ್ಟು, ಅವನ ತಲೆ ಸವರಿ, ಬೈಕು ಹತ್ತಿ ಹೋಗಿಬಿಟ್ಟರು. ನಾಯಿ ಸಂಜೆಯವರೆಗೂ ಗೇಟಿನ ಹತ್ತಿರವೇ ನಿಂತಿತ್ತು. ಅತ್ತೆ ಕಿಟಕಿಯಿಂದ ಒಂದೆರಡು ಸಲ ನೋಡಿ, "ಒಳಗೆ ಬಾರೋ ಪೊಲೀಸಪ್ಪ" ಎಂದು ಕೂಗಿದರು. ಇಲಾಖೆಯವರು ಇಟ್ಟಿದ್ದ ಹೆಸರಿಗೆ ಅತ್ತೆಯ ನಾಲಿಗೆ ಹೊರಳದೆ ಅಂದಿನಿಂದ ನಮ್ಮ ಮನೆಯಲ್ಲಿ ಅವನು ಪೊಲೀಸಪ್ಪನೇ ಆದ.

ನಿವೃತ್ತಿಯಾದದ್ದು ಅವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ವಾಕಿಂಗ್ ಕರೆದುಕೊಂಡು ಹೊರಟರೆ ರಸ್ತೆಯಲ್ಲಿ ನಿಲ್ಲಿಸಿದ ಒಂದೊಂದು ಸ್ಕೂಟರನ್ನೂ, ಕಾರಿನ ಚಕ್ರವನ್ನೂ, ಕಸದ ಬುಟ್ಟಿಯನ್ನೂ ತಪಾಸಣೆ ಮಾಡಿಯೇ ಮುಂದಕ್ಕೆ ಹೆಜ್ಜೆ. ಹಿನಕಲ್ ಕಡೆ ತರಕಾರಿ ತರಲು ಹೋದರೆ ಗಾಡಿಗಳ ಕೆಳಗೆಲ್ಲ ನುಗ್ಗಿ ನೋಡುತ್ತಿದ್ದ. "ಏನು ಮೇಡಂ, ನಮ್ಮ ಟೊಮೇಟೋದಲ್ಲಿ ಏನಿದೆ ಅಂತ?" ಎಂದು ಗಾಡಿಯವರು ನಗುತ್ತಿದ್ದರು. ಮನೆಗೆ ಬಂದ ನೆಂಟರು ಕೂರುವ ಮೊದಲು ಅವರ ಬ್ಯಾಗು ಅವನ ಮೂಗಿನ ಕೆಳಗೆ ಹಾಯಬೇಕಿತ್ತು. ನನ್ನ ಗಂಡ ಶಿಫ್ಟು ಮುಗಿಸಿ ಬಂದಾಗಲಂತೂ ಊಟದ ಡಬ್ಬಿಯಿಂದ ಹಿಡಿದು ಬೂಟಿನವರೆಗೆ ಪರಿಶೀಲನೆ. "ಕಾರ್ಖಾನೆ ಗೇಟಲ್ಲೂ ಚೆಕಿಂಗು, ಮನೇಲೂ ಚೆಕಿಂಗು" ಎಂದು ಗೊಣಗುತ್ತಲೇ ಅವರು ಕೈ ಎತ್ತಿ ನಿಲ್ಲುತ್ತಿದ್ದರು.

ಇದನ್ನೆಲ್ಲ ನಾನು ಬರೆದಿಡುತ್ತಿದ್ದೆ. ಕೆಲಸ ಬಿಟ್ಟವನು ಕೆಲಸ ಬಿಡುವುದಿಲ್ಲ, ಅದು ಅಭ್ಯಾಸವೋ, ಇಷ್ಟವೋ, ಬೇರೇನೂ ಗೊತ್ತಿಲ್ಲದ್ದಕ್ಕೋ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಒಂದೆರಡು ತಿಂಗಳಾದ ಮೇಲೆ ಇನ್ನೊಂದು ಶುರುವಾಯಿತು. ಬೆಳಿಗ್ಗೆ ಅತ್ತೆ ಮೊದಲಿನ ಹಾಗೆ ಚಿಲಕ ಹಾಕಿಕೊಳ್ಳದೆ ಪೂಜೆಗೆ ಕೂತಾಗ ಪೊಲೀಸಪ್ಪ ಬಂದು ದೇವರ ಮನೆಯ ಹೊಸ್ತಿಲ ಆಚೆ ಕೂರಲು ಆರಂಭಿಸಿದ. ಒಳಗೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಮೂಗನ್ನು ಸ್ವಲ್ಪ ಮೇಲೆತ್ತಿ, ಪೂರ್ವದ ಕಿಟಕಿಯ ಬಿಸಿಲಿಗೋ ಏನೋ ಕಣ್ಣು ಅರ್ಧ ಮುಚ್ಚಿ, ಅತ್ತೆ ಏಳುವವರೆಗೂ ಕೂತಿರುತ್ತಿದ್ದ. ಮೊದಲ ದಿನ ಅತ್ತೆ ಹೆದರಿದರು. ಎರಡನೆಯ ದಿನ ಆಶ್ಚರ್ಯಪಟ್ಟರು. ಆಮೇಲೆ ಪೂಜೆ ಮುಗಿದ ಮೇಲೆ ಬಾಳೆಹಣ್ಣಿನ ಒಂದು ತುಂಡು ಅವನ ಬಾಯಿಗೆ ಹಾಕುವುದು ರೂಢಿಯಾಯಿತು.

"ಹಿಂದಿನ ಜನ್ಮದಲ್ಲಿ ಏನೋ ಪುಣ್ಯ ಮಾಡಿದ್ದಾನೆ ಕಣಮ್ಮ" ಎಂದು ಅತ್ತೆ ನನಗೆ ಹೇಳಿದರು. ಪಕ್ಕದ ಮನೆಯವರಿಗೂ ಹೇಳಿದರು. ಅವರ ಅಕ್ಕ ನೋಡಲು ಬಂದರು. ಅಕ್ಕನ ಜತೆಗೆ ಅವರ ಬೀಗರೂ ಬಂದರು. ಬೆಳಿಗ್ಗೆ ಪೂಜೆಯ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಇಬ್ಬರಾದರೂ ಹೆಂಗಸರು ನಾಯಿಯ ಹಿಂದೆ ಕೈಮುಗಿದು ನಿಂತಿರುವುದು ಮಾಮೂಲಾಯಿತು. ಅವನು ಯಾರ ಕಡೆಗೂ ತಿರುಗುತ್ತಿರಲಿಲ್ಲ.

ಕೂರುವುದೆಂದರೆ ಏನರ್ಥವೆಂದು ಮೈದಾನದಲ್ಲಿ ನೋಡಿ ಬಲ್ಲ ನನಗೆ ಅನುಮಾನ ಬರಬೇಕಿತ್ತು. ಆದರೆ ಅವನು ಗೇಟಿನ ಹತ್ತಿರವೂ ಕೂರುತ್ತಿದ್ದ, ಫ್ಯಾನಿನ ಕೆಳಗೂ ಕೂರುತ್ತಿದ್ದ. ಮಂಚ ಮುಟ್ಟಬಾರದು ಅಂದಿದ್ದ ಅತ್ತೆ ಈಗ ತಮ್ಮ ಮಂಚದ ಪಕ್ಕದಲ್ಲೇ ಅವನಿಗೆ ಹಳೆಯ ಜಮಖಾನ ಹಾಸುತ್ತಿದ್ದರು. ಮನೆಯಲ್ಲಿ ಎಲ್ಲ ಸುಗಮವಾಗಿತ್ತು. ನಾನು ಹೆಚ್ಚು ಯೋಚಿಸಲು ಹೋಗಲಿಲ್ಲ.

ಹ್ಯಾಂಡ್ಲರ್ ಆಗಾಗ ಭಾನುವಾರ ಬರುತ್ತಿದ್ದರು. ಬಂದರೆ ಅಂಗಳದಲ್ಲಿ ಒಂದಷ್ಟು ಹೊತ್ತು ಅವನ ಜತೆ ಆಡಿ, ಕಾಫಿ ಕುಡಿದು ಹೋಗುತ್ತಿದ್ದರು. ಒಂದು ಭಾನುವಾರ ಬೇಗ ಬಂದರು. ಅತ್ತೆ ಪೂಜೆಯಲ್ಲಿದ್ದರು. ಎಡ ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿತ್ತು. ಹೊಸ್ತಿಲಾಚೆ ಪೊಲೀಸಪ್ಪ ಕೂತಿದ್ದ. ಅತ್ತೆಯ ಅಕ್ಕ ಬಾಗಿಲ ಪಕ್ಕದಲ್ಲಿ ಕೈಮುಗಿದಿದ್ದರು. "ನೋಡಿ, ಹೆಂಗೆ ಪೂಜೆಗೆ ಕೂತಿದಾನೆ ನಿಮ್ಮ ಹುಡುಗ" ಎಂದು ನಾನು ನಗುತ್ತಾ ತೋರಿಸಿದೆ.

ಅವರು ನಗಲಿಲ್ಲ. ಮುಖದ ಬಣ್ಣವೇ ಬದಲಾಯಿತು. ನಾಯಿಯನ್ನೇ ದಿಟ್ಟಿಸಿ, ಅದರ ಮೂಗು ಯಾವ ಕಡೆಗಿದೆ ಎಂದು ನೋಡಿ, ಬಹಳ ಮೆಲ್ಲಗೆ ಹೇಳಿದರು. "ಮೇಡಂ, ಎಲ್ಲಾರೂ ಆಚೆ ಓಗಿ. ಈಗ್ಲೇ. ಲೈಟು, ಫೋನು ಏನೂ ಮುಟ್ಬೇಡಿ."

"ಪೂಜೆ..."

"ಅಮ್ಮಾವ್ರನ್ನೂ ಕರ್ಕೊಳ್ಳಿ."

ಆ ದನಿಯಲ್ಲಿ ಎದುರು ಹೇಳುವುದಕ್ಕೆ ಜಾಗವಿರಲಿಲ್ಲ. ಅರ್ಧ ಪೂಜೆಯಲ್ಲಿದ್ದ ಅತ್ತೆಯನ್ನು ನಾನೂ ಅವರ ಅಕ್ಕನೂ ಹಿಡಿದೆಬ್ಬಿಸಿದೆವು. ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಅತ್ತೆ ಬೀದಿಗೆ ಬಂದರು. ನನ್ನ ಗಂಡ ಬನಿಯನ್ನಿನಲ್ಲೇ ಹೊರಗೆ ಓಡಿ ಬಂದರು. ಎದುರು ಮನೆಯವರು ಏನಾಯಿತೆಂದು ಕೇಳಿದರೆ ನಮಗೇ ಗೊತ್ತಿರಲಿಲ್ಲ. ಪಕ್ಕದ ಮನೆಯವರನ್ನೂ ಹೊರಗೆ ಬನ್ನಿ ಎಂದು ಕೂಗಿದೆ. ಒಳಗಿನಿಂದ "ಸರ್ಚ್" ಎಂಬ ಮಾತು ಒಮ್ಮೆ ಕೇಳಿಸಿತು. ಆಮೇಲೆ ಸದ್ದಿಲ್ಲ.

ಸ್ವಲ್ಪ ಹೊತ್ತಿಗೆ ಹ್ಯಾಂಡ್ಲರ್ ಹೊರಗೆ ಬಂದರು. ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದು ಕೈಯಲ್ಲಿ ಪೇಪರು ಸುತ್ತಿದ ರಟ್ಟಿನ ಪೆಟ್ಟಿಗೆ. ದೇವರ ಮನೆಯೊಳಗೆ, ಬಾಗಿಲ ಮೇಲಿನ ಅಟ್ಟದಲ್ಲಿ, ಹಳೆಯ ಪಾತ್ರೆಗಳ ಹಿಂದೆ ಇತ್ತಂತೆ. ಹರಿದ ಅಂಚಿನಿಂದ ಒಳಗಿದ್ದದ್ದು ಕಂಡ ಮೇಲೆಯೇ ಎತ್ತಿಕೊಂಡರಂತೆ. ಬಿಚ್ಚಿದರೆ ಒಳಗೆ ಆನೆಪಟಾಕಿ, ಸರಪಟಾಕಿ, ಹೂಕುಂಡ.

ಎಲ್ಲರೂ ನನ್ನ ಗಂಡನ ಕಡೆ ನೋಡಿದರು. ಹಿಂದೊಂದು ದೀಪಾವಳಿಗೆ ತಂದದ್ದು, ಆಗ ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಳೆಂದು ಹಚ್ಚದೆ ಮೇಲೆತ್ತಿಟ್ಟದ್ದು, ಆಮೇಲೆ ಮರೆತದ್ದು ಎಂದು ಅವರು ತೊದಲಿದರು. ಬೀದಿಯಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ನಗದವರು ಇಬ್ಬರೇ. ಒಬ್ಬರು ಹ್ಯಾಂಡ್ಲರ್. ಅವರು ಮಂಡಿಯೂರಿ ಜೇಬಿನಿಂದ ಚೆಂಡು ತೆಗೆದು ನಾಯಿಗೆ ಕೊಟ್ಟು, ಅದರ ಕುತ್ತಿಗೆ ತಬ್ಬಿಕೊಂಡು ಏನೇನೋ ಹೇಳುತ್ತಿದ್ದರು. ಇನ್ನೊಬ್ಬರು ಅತ್ತೆ.

"ಹಾಗಾದ್ರೆ ಇವನು ಪೂಜೆಗೆ ಬರ್ತಾ ಇರಲಿಲ್ವೇನಪ್ಪ?" ಎಂದು ಅತ್ತೆ ಕೇಳಿದರು.

ಹ್ಯಾಂಡ್ಲರ್ ಎದ್ದು ನಿಂತರು. "ಬತ್ತಿದ್ದ ಅಮ್ಮ. ಡ್ಯೂಟಿಗೆ ಬತ್ತಿದ್ದ. ದಿನಾ ಹೇಳ್ತಾನೇ ಇದ್ದ, ನಾವ್ಯಾರೂ ಕೇಳಿಸ್ಕೊಳ್ಳಿಲ್ಲ."

ಅತ್ತೆ ಒಳಗೆ ಹೋಗಿ ಮತ್ತೆ ಸ್ನಾನ ಮಾಡಿ ಪೂಜೆಗೆ ಕೂತರು. ಅಂದು ಬಾಳೆಹಣ್ಣು ಕೊಡಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ನನ್ನ ಲೇಖನ ಸುಲಭವಾಗುತ್ತಿತ್ತು. ಪಟಾಕಿ ಮನೆಯಿಂದ ಹೋದ ಮರುದಿನವೂ ಪೊಲೀಸಪ್ಪ ಬಂದು ಹೊಸ್ತಿಲಾಚೆ ಕೂತ. ಅದರ ಮರುದಿನವೂ ಕೂತ. ನಾನೇ ಗಾಬರಿಯಾಗಿ ಹ್ಯಾಂಡ್ಲರ್‌ಗೆ ಫೋನ್ ಮಾಡಿದೆ. ಅವರು ಡ್ಯೂಟಿ ಮುಗಿಸಿ ನೇರ ಬಂದು, ಅಟ್ಟದ ಮೇಲಿನದೆಲ್ಲ ಕೆಳಗಿಳಿಸಿ, ಬೆಂಕಿಪೊಟ್ಟಣದಿಂದ ಊದುಬತ್ತಿವರೆಗೆ ಒಂದೊಂದನ್ನೂ ಬೇರೆ ಕೋಣೆಗೆ ಸಾಗಿಸಿ ನೋಡಿದರು. ಏನೂ ಇರಲಿಲ್ಲ. ಆದರೂ ಅವನು ಕೂರುತ್ತಿದ್ದ.

"ಅಮ್ಮ, ಇವನು ಇಲ್ಲಿ ಕೂತಾಗ ನೀವೇನಾದ್ರೂ ತಿನ್ನಕ್ಕೆ ಕೊಡ್ತಿದ್ರಾ?"

"ಬಾಳೆಹಣ್ಣು ಕೊಡ್ತಿದ್ದೆ. ಪ್ರಸಾದ ಅಲ್ವಾ?"

ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ನಾನು ಚೆಂಡು ಕೊಟ್ಟು ವರ್ಷಗಟ್ಲೆ ಕಲ್ಸಿದ್ದನ್ನ ನೀವು ಬಾಳೆಹಣ್ಣು ಕೊಟ್ಟು ಬೇರೆ ಮಾಡ್ಬುಟ್ರಿ ಅಮ್ಮ. ಏನೂ ಇಲ್ದೆ ಇದ್ರೂ ಕೂರ್ತವ್ನೆ ಈಗ."

"ಏನೂ ಇಲ್ಲದೆ ಏನಪ್ಪ? ದೇವರಿದಾನಲ್ಲ" ಅಂದರು ಅತ್ತೆ. ತಮಾಷೆಗೆ ಹೇಳಿದ್ದಲ್ಲ.

ಹ್ಯಾಂಡ್ಲರ್ ಹೊರಟುಹೋದರು. ಕಾಫಿಯನ್ನೂ ಕುಡಿಯಲಿಲ್ಲ. ಮುಂದಿನ ಎಷ್ಟೋ ಭಾನುವಾರ ಬರಲಿಲ್ಲ. ಸುಳ್ಳು ಹೇಳದ ನಾಯಿ ಎಂದು ದಳದಲ್ಲಿ ಹೆಸರು ಪಡೆದಿದ್ದ ತಮ್ಮ ನಾಯಿ ನಮ್ಮ ಮನೆಗೆ ಬಂದು ಸುಳ್ಳು ಕೂರುವುದನ್ನು ಕಲಿಯಿತು ಎಂಬ ನೋವು ಅವರಿಗೆ. ಅತ್ತೆಯಂತೂ ಮಾರನೆಯ ದಿನದಿಂದಲೇ ಬಾಳೆಹಣ್ಣನ್ನು ಮತ್ತೆ ಶುರುಮಾಡಿದರು.

ಆ ವರ್ಷ ನಮ್ಮ ವಿಭಾಗದಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ನಾನು ಇದನ್ನೇ ಪ್ರಬಂಧವಾಗಿ ಓದಿದೆ. ಒಂದು ನಾಯಿ ಕೂತದ್ದಕ್ಕೆ ಒಬ್ಬರು ಕರ್ತವ್ಯ ಎಂದು ಅರ್ಥ ಹಚ್ಚಿದರು, ಒಬ್ಬರು ಭಕ್ತಿ ಎಂದರು, ಪುಸ್ತಕ ಓದಿದವರು ಹಣ್ಣಿನ ಆಸೆ ಎಂದಾರು, ಈ ಮೂರನ್ನೂ ಅದರ ಮೇಲೆ ಹೊರಿಸಿದವರು ನಾವೇ ಎಂಬುದು ನನ್ನ ವಾದ. ಹ್ಯಾಂಡ್ಲರನ್ನೂ ಮಾತಾಡಲು ಕರೆದಿದ್ದೆ. ಮೊದಲು ಆಗುವುದಿಲ್ಲ ಅಂದವರು, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ವೇದಿಕೆಗೆ ಬಂದು ಐದಾರು ಮಾತಷ್ಟೇ ಆಡಿದರು. ನಮ್ಮ ಕೆಲಸದಲ್ಲಿ ನಾಯಿ ತಪ್ಪು ಕೂತರೆ ಜನ ಗಾಬರಿಯಾಗುತ್ತಾರೆ, ಕೂರಬೇಕಾದ ಕಡೆ ಕೂರದಿದ್ದರೆ ಜನ ಸಾಯುತ್ತಾರೆ, ಅದಕ್ಕೇ ನನಗೆ ಬೇಜಾರಾಗಿತ್ತು ಅಂದರು.

ಪ್ರಶ್ನೆ ಕೇಳಲು ಎದ್ದವಳು ಒಬ್ಬ ಯುವ ವಕೀಲೆ. ಪ್ರಾಣಿಗಳ ಪರವಾಗಿ ಕೋರ್ಟಿನಲ್ಲಿ ಕೇಸು ನಡೆಸುವವಳು. "ಮನುಷ್ಯರು ಸಾಯಬಾರದು ಅಂತ ನಾಯಿಯನ್ನ ಮುಂದೆ ಬಿಡ್ತೀರಲ್ಲ ಸರ್, ಇದು ಸರಿಯಾ?"

ಅವರಿಗೆ ಸಿಟ್ಟು ಬಂತು. "ನಾಯಿ ಮುಂದೆ ಓಗುತ್ತೆ, ನಿಜ. ಅದರ ಹಗ್ಗದ ಇನ್ನೊಂದು ತುದೀಲಿ ನಾನೇ ಇರ್ತೀನಿ ಮೇಡಂ. ಸಿಡಿದ್ರೆ ಇಬ್ರೂ ಹೋಗ್ತೀವಿ."

ಸಭೆ ಚಪ್ಪಾಳೆ ತಟ್ಟಿತು. ಅವಳು ಕೂರಲಿಲ್ಲ. ಚಪ್ಪಾಳೆ ನಿಂತ ಮೇಲೆ ಸಮಾಧಾನವಾಗಿಯೇ ಹೇಳಿದಳು. "ನೀವು ಈ ಕೆಲಸಕ್ಕೆ ಅರ್ಜಿ ಹಾಕಿ ಸೇರಿದ್ರಿ ಸರ್. ಬೇಡ ಅನ್ನಿಸಿದ್ರೆ ವರ್ಗಾವಣೆ ಕೇಳಬಹುದು. ನಾಯಿ ಯಾರನ್ನ ಕೇಳಬೇಕು?"

ಹ್ಯಾಂಡ್ಲರ್ ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಮೇಲೆ "ಅದು ನಿಜ" ಅಂದರು. ಅಷ್ಟೇ ಅಂದು ಕೆಳಗಿಳಿದರು.

ಊಟದ ಹೊತ್ತಿಗೆ ನೋಡಿದರೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಬಿಸಿಬೇಳೆಬಾತ್ ತಿನ್ನುತ್ತಾ ವಾದ ಮಾಡುತ್ತಿದ್ದರು. ನಾನೂ ಹೋಗಿ ಸೇರಿಕೊಂಡೆ. ನಾಯಿಗೆ ಕೆಲಸ ಕೊಡುವುದು ಸರಿಯೋ ತಪ್ಪೋ ಎಂಬುದು ತೀರ್ಮಾನವಾಗಲಿಲ್ಲ. ಆದರೆ ಕೆಲಸ ಮಾಡಿಸಿಕೊಂಡ ಮೇಲೆ ಅದರ ಮುಪ್ಪಿನ ಕಾಯಿಲೆಗೆ ಚಿಕಿತ್ಸೆ ಕೊಡಿಸುವುದು ಮಾಡಿಸಿಕೊಂಡವರ ಹೊಣೆ ಎಂಬುದರಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅಲ್ಲಿಂದ ನಮ್ಮ ಓಡಾಟ ಶುರುವಾಯಿತು. ಮನವಿ ಬರೆದವಳು ವಕೀಲೆ. ಸಹಿ ಸಂಗ್ರಹಿಸಿದವಳು ನಾನು. ಸರ್ಕಾರಿ ನೌಕರರಾದ್ದರಿಂದ ಹ್ಯಾಂಡ್ಲರ್ ಸಹಿ ಹಾಕುವಂತಿರಲಿಲ್ಲ. ಮುದಿ ನಾಯಿಗಳಿಗೆ ಏನೇನು ಕಾಯಿಲೆ ಬರುತ್ತದೆ, ಏನು ಬೇಕಾಗುತ್ತದೆ ಎಂದು ಹೇಳಿಕೊಟ್ಟರು. ಅತ್ತೆ ತಮ್ಮ ಭಜನಾ ಮಂಡಳಿಯವರೆಲ್ಲರ ಸಹಿ ಹಾಕಿಸಿಕೊಂಡು ಬಂದರು. ಅಧಿಕಾರಿಯೊಬ್ಬರು ನಮ್ಮನ್ನು ಕೂರಿಸಿ ಟೀ ಕೊಟ್ಟು ಸಹನೆಯಿಂದ ಕೇಳಿಸಿಕೊಂಡರು. ನಿಯಮ ಬದಲಾಗಲು ಕಾಲ ಬೇಕು, ಅಲ್ಲಿಯವರೆಗೆ ದಳದ ನಾಯಿಗಳನ್ನು ನೋಡುವ ಪಶುವೈದ್ಯರಿಗೇ ನಿವೃತ್ತರನ್ನೂ ತೋರಿಸಿ ಎಂದರು. ಮನವಿ ಇನ್ನೂ ಮೇಲೆ ಎಲ್ಲೋ ಇದೆ. ವೈದ್ಯರು ನೋಡುವುದಂತೂ ಅಂದಿನಿಂದ ನಡೆದುಕೊಂಡು ಬಂದಿದೆ. ನಮ್ಮ ಓಡಾಟದಲ್ಲಿ ಕೈಗೆ ಸಿಕ್ಕಿದ್ದು ಅದಿಷ್ಟೇ.

ಆ ವೈದ್ಯರ ಅಗತ್ಯ ನಮಗೇ ಮೊದಲು ಬಿತ್ತು. ಪೊಲೀಸಪ್ಪನ ಹಿಂಗಾಲುಗಳು ಸೋತವು. ಮೆಟ್ಟಿಲು ಹತ್ತಿಸಲು ನನ್ನ ಗಂಡ ಸೊಂಟಕ್ಕೆ ಟವೆಲ್ ಹಾಕಿ ಎತ್ತಬೇಕಾಗುತ್ತಿತ್ತು. ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ವಾಕಿಂಗಿನಲ್ಲಿ, ರಸ್ತೆ ಬದಿ ನಿಂತಿದ್ದ ಸ್ಕೂಟರನ್ನು ಮೂಸದೆ ದಾಟಿ ಹೋದ. ಮುಂದಿನದನ್ನೂ ಮೂಸಲಿಲ್ಲ. ಬೇಲಿಯ ಮೇಲಿನ ಅಳಿಲನ್ನು ನೋಡುತ್ತಾ ನಿಂತ. ಅಳಿಲನ್ನು ಅವನು ಅಷ್ಟು ಹೊತ್ತು ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಮನೆಗೆ ಬಂದು ಹ್ಯಾಂಡ್ಲರ್‌ಗೆ ಫೋನ್ ಮಾಡಿ ಹೇಳಿದೆ.

"ಮೂಗು ಹೋಯ್ತೇನೋ ಮೇಡಂ. ಬತ್ತೀನಿ ಇರಿ" ಅಂದರು.

ಬಂದವರು ಚೆಂಡು ತಂದಿದ್ದರು. ಅಂಗಳದಲ್ಲಿ ನಿಂತು, ದನಿ ಗಟ್ಟಿ ಮಾಡಿ "ಸರ್ಚ್" ಅಂದರು. ಪೊಲೀಸಪ್ಪ ಬಾಲ ಆಡಿಸಿದ. ಇನ್ನೊಮ್ಮೆ ಅಂದರು. ಅವನು ಕಾಲೆಳೆದುಕೊಂಡು ಹತ್ತಿರ ಬಂದು, ಅವರ ಬೂಟಿನ ಮೇಲೆ ಗದ್ದ ಇಟ್ಟು ಮಲಗಿಬಿಟ್ಟ. ಮೂಗು ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಬಾಳೆಹಣ್ಣು ಸುಲಿದರೆ ಅವನಿಗೆ ಮಂಚದ ಪಕ್ಕದಿಂದಲೇ ಗೊತ್ತಾಗುತ್ತಿತ್ತು. ಹ್ಯಾಂಡ್ಲರ್ ಆ ಕಾಲನ್ನು ಅಲುಗಾಡಿಸದೆ ಹಾಗೇ ಕೆಳಗೆ ಕೂತರು. ಇನ್ನೊಂದು ಸಲ ಆಜ್ಞೆ ಕೊಡಲಿಲ್ಲ.

"ಸಾಕು ಬುಡಪ್ಪ" ಎಂದು ಅವನ ಕಿವಿ ಹಿಡಿದು ಹೇಳಿದರು. "ಮಾಡಿದ್ದು ಸಾಕು."

ಅವರ ಕಣ್ಣಲ್ಲಿ ನೀರಿತ್ತು. ಅತ್ತೆ ಒಳಗಿನಿಂದ ಕಾಫಿ ತಂದು ಅವರ ಪಕ್ಕದಲ್ಲೇ ನೆಲದ ಮೇಲಿಟ್ಟರು. ಆಮೇಲಿಂದ ಅವರು ಬಂದಾಗ ಪೊಲೀಸಪ್ಪ ಸೋಫಾ ಮೇಲಿದ್ದರೂ ಏನೂ ಅನ್ನುತ್ತಿರಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವನ ಮೂತ್ರಪಿಂಡ ಕೆಟ್ಟಿತು. ವೈದ್ಯರು ಮನೆಗೇ ಬಂದು ಡ್ರಿಪ್ಸ್ ಹಾಕಿ ಹೋಗುತ್ತಿದ್ದರು. ಇನ್ನು ಎಳೆಯುವುದು ಬೇಡ ಎಂದು ಅವರೇ ಒಂದು ದಿನ ಹೇಳಿದರು. ಏನು ಮಾಡುವುದೆಂದು ನಾವು ತೀರ್ಮಾನಿಸುವ ಮೊದಲೇ ಮರುದಿನ ಬೆಳಿಗ್ಗೆ ಅತ್ತೆಯ ಮಂಚದ ಪಕ್ಕದಲ್ಲಿ ಅವನೇ ಹೋಗಿಬಿಟ್ಟ. ನಮ್ಮ ಮನೆಯ ಸುತ್ತ ಹಿಡಿ ಮಣ್ಣಿಲ್ಲ, ಎಲ್ಲ ಸಿಮೆಂಟು. ಹ್ಯಾಂಡ್ಲರ್ ತಮ್ಮ ಅಣ್ಣನ ಹೊಲದಲ್ಲಿ ಮಣ್ಣು ಮಾಡೋಣ ಅಂದರು. ಕಾರಿನಲ್ಲಿ ಅತ್ತೆಯೂ ಬಂದರು.

ಹೊಲದ ಬದುವಿನಲ್ಲಿ ಹ್ಯಾಂಡ್ಲರೂ ನನ್ನ ಗಂಡನೂ ಗುಂಡಿ ತೋಡಿದರು. ಅತ್ತೆ ಅವನ ಹಣೆಗೆ ವಿಭೂತಿ ಹಚ್ಚಿದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಅದು ಹ್ಯಾಂಡ್ಲರ್‌ಗೂ ಗೊತ್ತಿತ್ತು. "ಅಮ್ಮ, ನಿಮ್ಮಂಗೆ ಕೂರಿಸಬೇಕಾ?" ಎಂದು ಗುಂಡಿಯೊಳಗಿನಿಂದ ಕೇಳಿದರು.

ಅತ್ತೆ ಬೇಡವೆಂದು ತಲೆಯಾಡಿಸಿದರು. "ಕೂತು ಕೂತು ಸಾಕಾಗಿದೆ ಅವನಿಗೆ. ಮಲಗಿಸಪ್ಪ."

ಮಲಗಿಸಿ ಮಣ್ಣೆಳೆದೆವು. ಹ್ಯಾಂಡ್ಲರ ಅಣ್ಣನ ಮನೆಯವರು ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಮಾಡಿದರು. ರಾಗಿಮುದ್ದೆ, ಉಪ್ಸಾರು ಮಾಡಿದ್ದರು. ಅತ್ತೆ ಹೊರಗಡೆ ಊಟ ಮಾಡುವವರಲ್ಲ. ಅಂದು ಮಾಡಿದರು.

ನನ್ನ ಪ್ರಬಂಧ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅಚ್ಚಿಗೆ ಹೋಗುವ ಮೊದಲು ಪರಿಶೀಲಿಸಿದವರು, ನಾಯಿಯ ಬಗ್ಗೆ ಬರೆಯುವಾಗ ಲೇಖಕಿ ಮನೆಯವಳಂತೆ ಬರೆದಿದ್ದಾರೆ, ಸಂಶೋಧಕಿಯ ದೂರವಿಲ್ಲ ಎಂದು ಟಿಪ್ಪಣಿ ಹಾಕಿದ್ದರು. ಕೆಲವು ವಾಕ್ಯ ತಿದ್ದಿದೆ, ಕೆಲವನ್ನು ಹಾಗೇ ಬಿಟ್ಟೆ. ವಕೀಲೆ ಈಗ ನಮ್ಮ ಕಾಲೇಜಿಗೆ ವರ್ಷಕ್ಕೊಮ್ಮೆ ಬಂದು ಪಾಠ ಮಾಡುತ್ತಾಳೆ. ಅದೇ ದಿನ ಹ್ಯಾಂಡ್ಲರನ್ನೂ ಕರೆಸುತ್ತೇನೆ. ಇಬ್ಬರೂ ವಿದ್ಯಾರ್ಥಿಗಳ ಮುಂದೆ ಮನಸಾರೆ ಜಗಳವಾಡುತ್ತಾರೆ.

ಹ್ಯಾಂಡ್ಲರ್‌ಗೆ ಇಲಾಖೆಯವರು ಹೊಸ ಮರಿ ಕೊಟ್ಟಿದ್ದಾರೆ. ಹೋದ ತಿಂಗಳು ಅದನ್ನು ಅತ್ತೆಗೆ ತೋರಿಸಲೆಂದು ಕರೆತಂದಿದ್ದರು. ಒಳಗೆ ಬಂದು ಇನ್ನೂ ಕೂತಿರಲಿಲ್ಲ, ಅಡುಗೆಮನೆಯಲ್ಲಿ ಕುಕ್ಕರು ಶಿಳ್ಳೆ ಹಾಕಿತು. ಮರಿ ಕುಂಯ್ ಎಂದು ಓಡಿ ಮಂಚದ ಕೆಳಗೆ ಸೇರಿಕೊಂಡಿತು. ಎಷ್ಟು ಕರೆದರೂ ಬರಲಿಲ್ಲ.

"ಇವನಾ ಬಾಂಬ್ ಹುಡುಕೋನು?" ಅಂದರು ಅತ್ತೆ.

"ಇನ್ನೂ ಚಿಕ್ಕೋನು ಅಮ್ಮ, ಕಲೀತಾನೆ" ಎಂದು ಹ್ಯಾಂಡ್ಲರ್ ನಾಚಿಕೊಂಡು ಮಂಚದ ಕೆಳಗೆ ಬಗ್ಗಿದರು. ಕುಕ್ಕರು ಇನ್ನೊಮ್ಮೆ ಕೂಗದಿರಲೆಂದು ಅತ್ತೆ ಹೋಗಿ ಒಲೆ ಆರಿಸಿ ಬಂದರು. ಅಂದು ಅನ್ನ ಸ್ವಲ್ಪ ಗಟ್ಟಿಯಾಗಿಯೇ ಉಳಿಯಿತು. ಅದನ್ನೇ ತಿಂದೆವು.